ಸಜ್ಜೆ-ನೇಪಿಯರ್ ಹೈಬ್ರಿಡ್: ತೆನೆ ತುಂಬ ಜೊಳ್ಳೇ ಯಾಕೆ? ಬೀಜ ಅಂತ ಮಾರುತ್ತಿರುವುದು ಏನು?

ಹಸಿರುಗೆಣ್ಣು
ಎಲ್ಲರಿಗೂ ನಮಸ್ಕಾರ. ಮೇವಿಗೆ ಸಜ್ಜೆ-ನೇಪಿಯರ್ ಹೈಬ್ರಿಡ್ ಹುಲ್ಲು ಹಾಕಿದ್ದೇನೆ, ಸಜ್ಜೆಗೆ ನೇಪಿಯರ್ ಹುಲ್ಲು ಕೂಡಿಸಿ ಮಾಡಿದ್ದು. ಒಂದು ಸಾಲು ಕೊಯ್ಯದೆ ಬಿಟ್ಟಿದ್ದೆ, ತೆನೆ ಬಂತು. ಅಂಗೈಯಲ್ಲಿ ಉಜ್ಜಿ ಊದಿದರೆ ಎಲ್ಲ ಹಾರಿಹೋಗುತ್ತದೆ, ಒಂದು ಕಾಳೂ ಉಳಿಯುವುದಿಲ್ಲ. ಬರೀ ಜೊಳ್ಳು. ಆದರೂ ಟ್ರೇಗೆ ಹಾಕಿ ನೋಡಿದೆ, ಏನೂ ಮೊಳೆಯಲಿಲ್ಲ. ಪಕ್ಕದಲ್ಲೇ ಇರುವ ಸಜ್ಜೆ ತೆನೆಯಲ್ಲಿ ಮಾತ್ರ ಕಾಳು ಗಟ್ಟಿಯಾಗಿದೆ.

ನನ್ನ ಗೊಂದಲ ಇಷ್ಟು. ಇದಕ್ಕೆ ಬೀಜ ಯಾಕೆ ಕಟ್ಟುವುದಿಲ್ಲ? ಕಟ್ಟದಿದ್ದರೆ ಆನ್‌ಲೈನಲ್ಲಿ "ಹೈಬ್ರಿಡ್ ನೇಪಿಯರ್ ಬೀಜ" ಅಂತ ಪ್ಯಾಕೆಟ್ ಮಾರುತ್ತಾರಲ್ಲ, ಅದರೊಳಗೆ ಇರುವುದು ಏನು? ಒಂದು ಪ್ಯಾಕೆಟ್ ತರಿಸಿದ್ದೇನೆ, ಇನ್ನೂ ಬಿತ್ತಿಲ್ಲ. ಇನ್ನೊಬ್ಬರು ಕ್ರೋಮೋಸೋಮ್ ಡಬಲ್ ಮಾಡಿದರೆ ಬೀಜವೂ ಬರುತ್ತದೆ, ಮೇವೂ ಡಬಲ್ ಆಗುತ್ತದೆ ಅಂದರು. ನಿಜವಾ?

ಎಮ್ಮೆಕೊಟ್ಟಿಗೆ
ಅಣ್ಣಾ, ಅದಕ್ಕೆ ಬೀಜ ಬರಲ್ಲ. ಕಾಂಡದ ತುಂಡು ನೆಡಬೇಕು. ಮುಗೀತು.

ಸಂಶಯಪ್ಪ
ಬರಲ್ಲ ಅಂದರೆ ಸಾಲದು, ಯಾಕೆ ಬರಲ್ಲ ಅಂತ ತಾನೇ ಕೇಳಿರುವುದು? ತೆನೆ ಬಂದಿದೆ, ಹೂ ಆಗಿದೆ. ಆಮೇಲೆ ಕಾಳು ಕಟ್ಟಿಲ್ಲ ಅಂದರೆ ಪೋಷಕಾಂಶದ ಕೊರತೆ ಇರಬಹುದು. ಬೋರಾನ್ ಕಡಿಮೆಯಾದರೂ ಜೊಳ್ಳು ಆಗುತ್ತದೆ.

ಬೇರುತುದಿ
ಬೋರಾನ್ ಕಥೆ ಇಲ್ಲಿ ನಡೆಯಲ್ಲ ಸರ್. ಪಕ್ಕದ ಸಜ್ಜೆಯಲ್ಲಿ ಕಾಳು ಕಟ್ಟಿದೆ ಅಂತ ಅವರೇ ಬರೆದಿದ್ದಾರೆ. ಇದು ಕ್ರೋಮೋಸೋಮ್ ಲೆಕ್ಕ. ಶಾಲೆ ಪುಸ್ತಕದಲ್ಲಿ ವರ್ಣತಂತು ಅಂತ ಓದಿರುತ್ತೀರಿ, ಅದೇ.

ಸಜ್ಜೆಯ ಒಂದೊಂದು ಜೀವಕೋಶದಲ್ಲಿ 14 ಕ್ರೋಮೋಸೋಮ್ ಇವೆ. ನೇಪಿಯರ್‌ನಲ್ಲಿ 28. ಪರಾಗ ಮತ್ತು ಅಂಡ ತಯಾರಾಗುವಾಗ ಈ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹೈಬ್ರಿಡ್‌ಗೆ ಸಜ್ಜೆ ಕಡೆಯಿಂದ 7, ನೇಪಿಯರ್ ಕಡೆಯಿಂದ 14 ಬರುತ್ತವೆ. ಒಟ್ಟು 21, ಅಂದರೆ ಏಳೇಳರ ಮೂರು ಸೆಟ್. ಇದನ್ನೇ ಟ್ರಿಪ್ಲಾಯ್ಡ್ ಅನ್ನುವುದು.

ಎಲೆ, ಕಾಂಡ, ಬೇರು ಬೆಳೆಯುವುದಕ್ಕೆ 21 ಇದ್ದರೆ ಏನೂ ತೊಂದರೆ ಇಲ್ಲ. ಕೋಶ ಸುಮ್ನೆ 21ನ್ನೂ ನಕಲು ಮಾಡಿ ಎರಡಾಗುತ್ತದೆ. ತೊಂದರೆ ಶುರುವಾಗುವುದು ಹೂವಿನಲ್ಲಿ. ಅಲ್ಲಿ ಕ್ರೋಮೋಸೋಮ್‌ಗಳು ಮೊದಲು ಜೋಡಿಯಾಗಬೇಕು, ಆಮೇಲೆ ಬೇರೆಯಾಗಬೇಕು. ನೇಪಿಯರ್‌ನಲ್ಲಿ ಎರಡು ಬಗೆಯ ಸೆಟ್ ಇವೆ. ಒಂದು ಸಜ್ಜೆಯ ಸೆಟ್ಟಿಗೆ ಹತ್ತಿರದ ನೆಂಟ, ಇನ್ನೊಂದು ದೂರದ್ದು. ಹೈಬ್ರಿಡ್‌ನಲ್ಲಿ ಸಜ್ಜೆಯ 7 ಮತ್ತು ಆ ಹತ್ತಿರದ 7 ಜೋಡಿಯಾಗುತ್ತವೆ. ಉಳಿದ 7ಕ್ಕೆ ಜೊತೆ ಇಲ್ಲ. ಅವು ಬೇಕಾದ ಕಡೆ ಹೋಗುತ್ತವೆ. ಕೆಲವು ಯಾವ ಕಡೆಯೂ ಸೇರದೆ ಮಧ್ಯದಲ್ಲೇ ಉಳಿದು ಕಳೆದುಹೋಗುತ್ತವೆ. ಹೀಗೆ ಒಂದು ಪರಾಗಕ್ಕೆ 9, ಇನ್ನೊಂದಕ್ಕೆ 11 ಅಂತ ಅಡ್ಡಾದಿಡ್ಡಿ ಹಂಚಿಕೆ. ಅಂಥ ಪರಾಗ ಸಾಯುತ್ತದೆ. ಅಂಡದ ಕಥೆಯೂ ಅದೇ.

ಜೊಳ್ಳುಕಾಳು
ನನ್ನ ಹೆಸರಿನ ವಿಷಯ ಬಂದಿದೆ, ಸುಮ್ಮನಿರಲಾರೆ 😄 ಲೆಕ್ಕ ಹಾಕಿದೆ. ಜೊತೆಯಿಲ್ಲದ 7ರಲ್ಲಿ ಮೊದಲನೆಯದು ಎಲ್ಲಿಗಾದರೂ ಹೋಗಲಿ. ಉಳಿದ ಆರೂ ಅದೇ ಕಡೆಗೆ ಹೋಗುವ ಸಾಧ್ಯತೆ 64ಕ್ಕೆ ಒಂದು. ಹಾಗೆ ಆದರೆ ಒಂದು ಕಡೆ 7, ಇನ್ನೊಂದು ಕಡೆ 14, ಎರಡೂ ಪೂರ್ತಿ ಸೆಟ್. ಅಂದರೆ 64ರಲ್ಲಿ ಒಂದು ಪರಾಗ ಸರಿ ಇರಬೇಕಲ್ವಾ? ಒಂದು ತೆನೆಯಲ್ಲಿ ಪರಾಗ ಲಕ್ಷಗಟ್ಟಲೆ ಇರುತ್ತದೆ.

ಬೇರುತುದಿ
ಲೆಕ್ಕ ಚೆನ್ನಾಗಿದೆ, ಆದರೆ ಹುಲ್ಲು ಲೆಕ್ಕದ ಪುಸ್ತಕ ಓದಿಲ್ಲ. ಕಾಳು ಆಗಬೇಕಾದರೆ ಆ ಕಡೆ ಅಂಡವೂ ಸರಿ ಇರಬೇಕು. 64 ಇಂಟು 64, ಅಲ್ಲಿಗೇ 4096ಕ್ಕೆ ಒಂದು. ಅದೂ ಏಳೂ ಕ್ರೋಮೋಸೋಮ್ ಶಿಸ್ತಾಗಿ ಯಾವುದೋ ಒಂದು ಕಡೆ ತಲುಪಿದರೆ. ವಾಸ್ತವದಲ್ಲಿ ಹಿಂದೆ ಬಿದ್ದು ಕಳೆದುಹೋಗುವುದೇ ಜಾಸ್ತಿ. ಇನ್ನೊಂದು ವಿಷಯ, ಈ ಹೈಬ್ರಿಡ್‌ನ ಪರಾಗಕೋಶವನ್ನು ಬಿಡಿಸಿ ನೋಡಿ. ಒಣಗಿ ಸುಕ್ಕಾಗಿರುತ್ತದೆ, ಬಾಯಿ ಬಿಟ್ಟು ಪರಾಗ ಉದುರಿಸುವುದೇ ಇಲ್ಲ. ಲಕ್ಷ ಇದ್ದರೂ ಹೊರಗೆ ಬರಬೇಕಲ್ಲ.

ಎಮ್ಮೆಕೊಟ್ಟಿಗೆ
ನಾನು ಒಂದು ಸಾಲಲ್ಲಿ ಹೇಳಿದ್ದನ್ನೇ ಇವರು ಒಂದು ಪುಟದಲ್ಲಿ ಹೇಳಿದರು.

ತೆನೆಗೊನೆ
ಎಮ್ಮೆಕೊಟ್ಟಿಗೆ ಅಣ್ಣ, ನಿಮ್ಮ ಸಾಲು ಪೂರ್ತಿ ಸರಿಯಲ್ಲ. ಎರಡು ಬೇರೆ ಮಾತು ಇಲ್ಲಿ ಕಲಸಿಹೋಗುತ್ತಿವೆ. ಹೈಬ್ರಿಡ್ ಗಿಡ ಬಿಡುವ ಬೀಜ ಬೇರೆ, ಹೈಬ್ರಿಡ್ ಗಿಡ ಆಗುವ ಬೀಜ ಬೇರೆ. ಮೊದಲನೆಯದು ಸಿಗುವುದಿಲ್ಲ. ಎರಡನೆಯದು ಸಿಗುತ್ತದೆ, ಆದರೆ ಅದು ಸಜ್ಜೆ ತೆನೆಯಲ್ಲಿ ಕಟ್ಟುತ್ತದೆ.

ತಳಿ ಕೆಲಸದಲ್ಲಿ ಇದನ್ನು ಕೈಯಾರೆ ಮಾಡಿದ್ದೇನೆ, ಹೇಗೆ ಅಂತ ಹೇಳುತ್ತೇನೆ. ಸಜ್ಜೆಯ ಒಂದು ಸ್ವಭಾವ ನಮಗೆ ವರ. ತೆನೆ ಹೊರಬಂದ ಮೇಲೆ ಮೊದಲು ಶಲಾಕೆಗಳು, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗಗಳು, ಹೊರಗೆ ಇಣುಕುತ್ತವೆ. ಬಿಳಿ ನವಿರು ನವಿರಾಗಿ, ತೆನೆ ಮೇಲೆ ಬೂಸು ಬಂದ ಹಾಗೆ ಕಾಣುತ್ತದೆ. ಪರಾಗಕೋಶ ಬರುವುದು ಅದಾಗಿ ಒಂದೆರಡು ದಿನ ತಡವಾಗಿ. ಆ ಸಂದಿಯಲ್ಲೇ ನಮ್ಮ ಕೆಲಸ. ಶಲಾಕೆ ಇಣುಕುವ ಮೊದಲೇ ತೆನೆಗೆ ಕಾಗದದ ಚೀಲ ಹಾಕಿ ಪಿನ್ ಹೊಡೆಯುವುದು. ಶಲಾಕೆ ಪೂರ್ತಿ ಹೊರಬಂದ ದಿನ ಬೆಳಿಗ್ಗೆ ನೇಪಿಯರ್ ತೆನೆಯ ಪರಾಗವನ್ನು ಇನ್ನೊಂದು ಚೀಲದಲ್ಲಿ ತಟ್ಟಿ ಇಳಿಸಿಕೊಂಡು, ತಂದು ಸಜ್ಜೆ ತೆನೆ ಮೇಲೆ ಉದುರಿಸಿ ಮತ್ತೆ ಚೀಲ ಮುಚ್ಚುವುದು. ಭತ್ತ, ಗೋಧಿಯ ಹಾಗೆ ಚಿಮುಟ ಹಿಡಿದು ಒಂದೊಂದೇ ಕೇಸರ ಕೀಳುವ ರಗಳೆ ಇಲ್ಲ.

ರಗಳೆ ಬೇರೆ ಕಡೆ ಇದೆ. ನೇಪಿಯರ್ ಹೂ ಬಿಡುವುದು ಹಗಲು ಕಡಿಮೆಯಾಗುವ ಕಾಲದಲ್ಲಿ. ಅಷ್ಟರಲ್ಲಿ ಸಜ್ಜೆ ಮುಗಿದುಹೋಗಿರುತ್ತದೆ. ಅದಕ್ಕೆ ಸಜ್ಜೆಯನ್ನು ಬಿಟ್ಟು ಬಿಟ್ಟು ಹಲವು ಸಲ ಬಿತ್ತುತ್ತೇವೆ, ಯಾವುದಾದರೂ ಒಂದಕ್ಕೆ ಹೊಂದಿಕೆಯಾಗಲಿ ಅಂತ.

ಹಸಿರುಗೆಣ್ಣು
ಅಂದರೆ ಪ್ಯಾಕೆಟ್ ಬೀಜ ನಿಜವಾದ ಹೈಬ್ರಿಡ್ ಆಗಿರಲೂಬಹುದು?

ತೆನೆಗೊನೆ
ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಪರಾಗವೇ ಬಿಡದ ಗಂಡುಬಂಜೆ ಸಜ್ಜೆ ತಳಿಗಳಿವೆ. ಅಂಥ ಸಜ್ಜೆಯನ್ನು ತಾಯಿ ಮಾಡಿ, ಸುತ್ತ ನೇಪಿಯರ್ ಬೆಳೆಸಿದರೆ ತಾಯಿ ಸಾಲಿನ ಕಾಳೆಲ್ಲ ಹೈಬ್ರಿಡ್. ಇದನ್ನು ಹೊಲದ ಮಟ್ಟದಲ್ಲಿ ಮಾಡಬಹುದು. ಆದರೂ ಒಂದು ತೊಡಕು ಉಳಿಯುತ್ತದೆ. ನೇಪಿಯರ್ ಶುದ್ಧ ತಳಿಯಲ್ಲ. ತಲೆತಲಾಂತರದಿಂದ ತುಂಡಿನಿಂದಲೇ ಬೆಳೆಸಿದ್ದು, ಒಳಗೆ ಗುಣಗಳ ಮಿಶ್ರಣ ಭಾರಿ ಇದೆ. ಹಾಗಾಗಿ ಒಂದೇ ತೆನೆಯ ಹೈಬ್ರಿಡ್ ಕಾಳು ಬಿತ್ತಿದರೂ ಒಂದು ಗಿಡ ದಪ್ಪ ಕಾಂಡ, ಇನ್ನೊಂದು ಸಣ್ಣ ಕಾಂಡ, ಒಂದರ ಎಲೆ ಅಂಚು ಗರಗಸ, ಇನ್ನೊಂದರದ್ದು ನಯ. ಅಂಥ ಸಾವಿರಾರು ಗಿಡಗಳಲ್ಲಿ ಸೋಸಿ ಒಂದನ್ನು ಆರಿಸಿ, ಅದರ ತುಂಡನ್ನೇ ಊರೆಲ್ಲ ಹಂಚುವುದು. ಕೊಯಮತ್ತೂರಿನ ಸಿಒ-3, ಸಿಒ-4 ಹೆಸರು ಕೇಳಿದ್ದೀರಲ್ಲ, ಒಂದೊಂದೂ ಹಾಗೆ ಆರಿಸಿದ ಒಂದೇ ಗಿಡದ ಸಂತತಿ. "ಸಿಒ-4 ಬೀಜ" ಅಂತ ಯಾರಾದರೂ ಮಾರಿದರೆ ಅದು ಸುಳ್ಳು ಅಂತ ಧೈರ್ಯವಾಗಿ ಹೇಳಬಹುದು.

ಸಂಶಯಪ್ಪ
ಮತ್ತೆ ಮೇವಿನ ಜೋಳದ ಹೈಬ್ರಿಡ್ ಬೀಜ ವರ್ಷವರ್ಷ ಮಾರುತ್ತಾರಲ್ಲ? ಅದರ ತೆನೆಯಲ್ಲಿ ಕಾಳು ಚೆನ್ನಾಗೇ ಕಟ್ಟುತ್ತದೆ. ನಾನೇ ನೋಡಿದ್ದೇನೆ. ಹೈಬ್ರಿಡ್ ಅಂದರೆ ಬಂಜೆ ಅನ್ನುವ ನಿಮ್ಮ ಥಿಯರಿ ಅಲ್ಲಿ ಎಲ್ಲಿಗೆ ಹೋಯಿತು?

ಬೇರುತುದಿ
ಹೈಬ್ರಿಡ್ ಅಂದರೆ ಬಂಜೆ ಅಂತ ನಾನು ಎಲ್ಲಿ ಬರೆದೆ, ತೋರಿಸಿ. 21 ಅಂದರೆ ಬಂಜೆ ಅಂದೆ. ಜೋಳ 20, ಸುಡಾನ್ ಹುಲ್ಲು 20. ಎರಡೂ ಸೇರಿದರೂ 20. ಹತ್ತು ಜೋಡಿ ನೀಟಾಗಿ ಕೂಡುತ್ತವೆ, ಬೇರೆಯಾಗುತ್ತವೆ, ಕಾಳು ಕಟ್ಟುತ್ತದೆ. ಆ ಕಾಳನ್ನು ಮುಂದಿನ ವರ್ಷ ಬಿತ್ತಬೇಡಿ ಅನ್ನುವುದು ಬೇರೆ ಕಾರಣಕ್ಕೆ. ಮೊಳೆಯುತ್ತದೆ, ಆದರೆ ತಂದೆ-ತಾಯಿ ಗುಣಗಳೆಲ್ಲ ಒಡೆದು ಬಗೆಬಗೆಯ ಗಿಡ ಬರುತ್ತವೆ, ಹೈಬ್ರಿಡ್‌ನ ಕಸುವು ಇಳಿಯುತ್ತದೆ. ಅಲ್ಲಿ ಬೀಜ ಕಟ್ಟುತ್ತದೆ, ಗುಣ ಉಳಿಯುವುದಿಲ್ಲ. ಇಲ್ಲಿ ಬೀಜವೇ ಇಲ್ಲ. "ಹೈಬ್ರಿಡ್" ಅನ್ನುವ ಲೇಬಲ್ ನೋಡಿ ಏನನ್ನೂ ತೀರ್ಮಾನ ಮಾಡಕ್ಕಾಗಲ್ಲ, ಎಷ್ಟಕ್ಕೆ ಎಷ್ಟು ಕೂಡಿದೆ ಅಂತ ನೋಡಬೇಕು.

ಎಮ್ಮೆಕೊಟ್ಟಿಗೆ
ಮೇವಿನ ಜೋಳ ಅಂದಿರಿ, ಅದಕ್ಕೆ ಹೇಳುತ್ತೇನೆ. ಎಳೆ ಜೋಳ ದನಕ್ಕೆ ಹಾಕಬೇಡಿ ಯಾರೂ. ಸೈನೈಡ್ ವಿಷ ಇರುತ್ತದೆ.

ತೆನೆಗೊನೆ
ಮುಖ್ಯವಾದ ಮಾತು. ಎಳೆಯದು, ನೀರಿಲ್ಲದೆ ಬಾಡಿದ್ದು, ಕೊಯ್ದ ಮೇಲೆ ಆಗಷ್ಟೇ ಚಿಗುರಿದ್ದು, ಮೂರೂ ಅಪಾಯ. ನೇಪಿಯರ್‌ನಲ್ಲಿ ಆ ವಿಷ ಚಿಂತೆಯ ಮಟ್ಟಕ್ಕೆ ಇರುವುದಿಲ್ಲ, ಅಲ್ಲಿ ಆಕ್ಸಲೇಟ್ ಕಾಟ. ಅದು ಮೇವಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ತುಂಬ ಎಳೆಯದಾಗಿ ಕೊಯ್ದರೆ ಜಾಸ್ತಿ ಇರುತ್ತದೆ. ತಳಿ ಆರಿಸುವಾಗ ಇದನ್ನೂ ಅಳೆಯುತ್ತಾರೆ, ಬರೀ ಎತ್ತರ ನೋಡಿ ಆರಿಸುವುದಿಲ್ಲ.

ಎರಡರಷ್ಟು
ಡಬಲ್ ಮಾಡುವ ವಿಷಯ ಯಾರೂ ಮಾತಾಡುತ್ತಿಲ್ಲ. ಕಾಲ್ಚಿಸಿನ್ ಅನ್ನುವ ರಾಸಾಯನಿಕ ಹಾಕಿದರೆ 21 ಹೋಗಿ 42 ಆಗುತ್ತದೆ. ಎಲ್ಲಕ್ಕೂ ಜೋಡಿ ಸಿಗುತ್ತದೆ, ಬೀಜ ಬರುತ್ತದೆ. ಕೋಶ ದೊಡ್ಡದಾಗುತ್ತದೆ, ಎಲೆ ದೊಡ್ಡದಾಗುತ್ತದೆ, ಇಳುವರಿ ಡಬಲ್. ವಿಡಿಯೋ ನೋಡಿದ್ದೇನೆ. ಇಷ್ಟು ಸುಲಭ ಇರುವಾಗ ಯಾಕೆ ತುಂಡು ನೆಟ್ಟುಕೊಂಡು ಕೂತಿದ್ದೀರಿ?

ಬೇರುತುದಿ
ಅರ್ಧ ಸರಿ. 42 ಆದರೆ ಬೀಜ ಕಟ್ಟುತ್ತದೆ, ಅದು ನಿಜ. ಅಂಥ ಗಿಡಗಳನ್ನು ಮಾಡಿದ್ದಾರೆ. ಇಳುವರಿ ಡಬಲ್ ಅನ್ನುವುದು ಮಾತ್ರ ವಿಡಿಯೋದಲ್ಲಿ. ದೊಡ್ಡ ಪೆಟ್ರೋಲ್ ಟ್ಯಾಂಕ್ ಹಾಕಿದರೆ ಗಾಡಿಯ ಮೈಲೇಜ್ ಜಾಸ್ತಿ ಆಗುತ್ತದಾ?

ಇದಕ್ಕೆ ಚೆನ್ನಾಗಿ ಪಳಗಿದ ಉದಾಹರಣೆ ರೈಗ್ರಾಸ್. ತಂಪು ದೇಶಗಳ ಮುಖ್ಯ ಮೇವಿನ ಹುಲ್ಲು. ಸಹಜವಾಗಿ 14 ಕ್ರೋಮೋಸೋಮ್. ಕಾಲ್ಚಿಸಿನ್‌ನಿಂದ 28 ಮಾಡಿದ ತಳಿಗಳು ದಶಕಗಳಿಂದ ಮಾರುಕಟ್ಟೆಯಲ್ಲಿವೆ. ಕೋಶ ದೊಡ್ಡದು ನಿಜ. ಕೋಶದ ಗೋಡೆಗಿಂತ ಒಳಗಿನ ರಸ ಜಾಸ್ತಿ, ಅದರಲ್ಲಿ ಸಕ್ಕರೆ ಅಂಶ ಇರುವುದರಿಂದ ದನ ಇಷ್ಟಪಟ್ಟು ತಿನ್ನುತ್ತದೆ. ಆದರೆ ಆ ರಸದಲ್ಲಿ ಬಹುಪಾಲು ನೀರು. ಹಸಿ ತೂಕ ನೋಡಿ ಖುಷಿಪಟ್ಟವರು ಒಣಗಿಸಿ ತೂಗಿದರೆ ನಗು ನಿಲ್ಲುತ್ತದೆ. ತೆಂಡೆ ಒಡೆಯುವುದು ಕಡಿಮೆ, ಹಾಗಾಗಿ ನೆಲ ಬಿಗಿಯಾಗಿ ಮುಚ್ಚುವುದಿಲ್ಲ. ಬೀಜ ದಪ್ಪ, ಅಷ್ಟೇ ಜಾಗಕ್ಕೆ ಜಾಸ್ತಿ ತೂಕದ ಬೀಜ ಬಿತ್ತಬೇಕು. ಒಣಹುಲ್ಲು ಮಾಡುವವರಿಗೆ ಒಣಗುವುದು ನಿಧಾನ. ಅದಕ್ಕೇ 14ರದ್ದೂ 28ರದ್ದೂ ಎರಡನ್ನೂ ಇಟ್ಟುಕೊಂಡಿದ್ದಾರೆ, ಮಿಶ್ರ ಮಾಡಿಯೂ ಬಿತ್ತುತ್ತಾರೆ.

ತೆನೆಗೊನೆ
42ರ ಸಜ್ಜೆ-ನೇಪಿಯರ್ ಬಗ್ಗೆ ಇನ್ನೆರಡು ಮಾತು. ಬೀಜ ಕಟ್ಟಿದರೂ ಸಣ್ಣದು, ಮಾಗುತ್ತಿದ್ದ ಹಾಗೆ ಉದುರಿಹೋಗುತ್ತದೆ. ಬಿತ್ತಿದರೆ ಎಲ್ಲ ಗಿಡ ಒಂದೇ ಥರ ಇರುವುದಿಲ್ಲ. ಆದರೂ ಅದು ಉಪಯೋಗವಿಲ್ಲದ್ದು ಅಂತಲ್ಲ. ಬಂಜೆ ಗಿಡದ ಜೊತೆ ಮುಂದಿನ ಕ್ರಾಸ್ ಮಾಡಕ್ಕಾಗಲ್ಲ, 42ರದ್ದಾದರೆ ಮಾಡಬಹುದು. ತಳಿಗಾರನಿಗೆ ಅದು ಸೇತುವೆ. ಡೈರಿ ನಡೆಸುವವರಿಗೆ ಅದರಿಂದ ನೇರ ಲಾಭ ಇಲ್ಲ.

ಎರಡರಷ್ಟು
ಸರಿ, ನನಗೆ ಬೀಜ ಬಂದರೆ ಸಾಕು. ಕಾಲ್ಚಿಸಿನ್ ಎಲ್ಲಿ ಸಿಗುತ್ತದೆ? ಮನೆಯಲ್ಲೇ ಮಾಡಿ ನೋಡುತ್ತೇನೆ.

ಬೇರುತುದಿ
ಬೇಡ. ದಯವಿಟ್ಟು ಬೇಡ. ಅದು ಅಪ್ಪಟ ವಿಷ. ಕೊಲ್ಚಿಕಮ್ ಅನ್ನುವ ಗೆಡ್ಡೆ ಗಿಡದಲ್ಲಿದೆ, ನಮ್ಮ ಅಗ್ನಿಶಿಖೆ ಬಳ್ಳಿಯ ಗೆಡ್ಡೆಯಲ್ಲೂ ಬೀಜದಲ್ಲೂ ಇದೆ. ಆ ಗೆಡ್ಡೆ ತಿಂದು ಸತ್ತವರಿದ್ದಾರೆ. ಸಂಧಿವಾತದ ಒಂದು ಬಗೆಗೆ ಅದೇ ಔಷಧಿ, ಆದರೆ ಔಷಧಿಯ ಅಳತೆಗೂ ವಿಷದ ಅಳತೆಗೂ ಅಂತರ ತೀರಾ ಕಡಿಮೆ. ಅದು ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ, ಹುಲ್ಲಿನದ್ದು ನಿಮ್ಮದು ಅಂತ ಭೇದ ಮಾಡುವುದಿಲ್ಲ.

1937ರಲ್ಲಿ ಬ್ಲೇಕ್ಸ್‌ಲೀ ಮತ್ತು ಏವರಿ ಇದರಿಂದ ಗಿಡಗಳ ಕ್ರೋಮೋಸೋಮ್ ಡಬಲ್ ಮಾಡಬಹುದು ಅಂತ ತೋರಿಸಿದ ಮೇಲೆ ಪ್ರಪಂಚದ ತಳಿಗಾರರೆಲ್ಲ ಇದರ ಹಿಂದೆ ಬಿದ್ದರು. ನಿಮ್ಮ ಹಾಗೇ ಎಲ್ಲ ಡಬಲ್ ಆಗುತ್ತದೆ ಅಂತ ನಂಬಿದ್ದರು. ಹೆಚ್ಚಿನವು ಕೈಕೊಟ್ಟವು. ಗೆದ್ದ ಕೆಲವೇ ಕೆಲವು ಬೆಳೆಗಳಲ್ಲಿ ರೈಗ್ರಾಸ್ ಒಂದು. ಕಾಂಡ, ಎಲೆ ತಿನ್ನುವ ಬೆಳೆಗೆ ಕಾಳು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಅದಕ್ಕೇ ಮೇವಿನ ಹುಲ್ಲಿಗೆ ಒಗ್ಗಿತು.

ಜೊಳ್ಳುಕಾಳು
ಮತ್ತೆ ಒಂದು ಗಿಡಕ್ಕೆ ಹಾಕಿದರೆ ಇಡೀ ಗಿಡ ಬದಲಾಗುತ್ತದಾ?

ಬೇರುತುದಿ
ಇಲ್ಲ. ಆ ಹೊತ್ತಿಗೆ ವಿಭಜನೆ ನಡೆಯುತ್ತಿದ್ದ ಕೋಶಗಳಷ್ಟೇ ಡಬಲ್ ಆಗುತ್ತವೆ. ಒಂದು ತೆಂಡೆ 42, ಪಕ್ಕದ್ದು 21, ಇನ್ನೊಂದು ಎರಡರ ಮಿಶ್ರಣ. ಬಿಡಿಸಿ ಬಿಡಿಸಿ ನೆಟ್ಟು, ಪ್ರತಿಯೊಂದನ್ನೂ ಪರೀಕ್ಷೆ ಮಾಡಬೇಕು. ಬಿಟ್ಟರೆ 21ರ ಕೋಶಗಳು ಬೇಗ ಬೆಳೆದು 42ನ್ನು ಹಿಂದೆ ಹಾಕಿಬಿಡುತ್ತವೆ.

ಲಾನ್‌ರಾಜ
ನನ್ನದು ಮೇವಲ್ಲ, ಹುಲ್ಲುಹಾಸು. ಆಟದ ಮೈದಾನಗಳ ಹುಲ್ಲು ನೋಡಿಕೊಳ್ಳುವ ಕೆಲಸ. ಈ 21ರ ಕಥೆ ಓದಿ ನಗು ಬಂತು, ನಮ್ಮಲ್ಲಿ 27ರದ್ದು ಇದೇ ಕಥೆ. ಗರಿಕೆ ಸಾಮಾನ್ಯವಾಗಿ 36. ಆಫ್ರಿಕಾದ ಸಣ್ಣೆಲೆ ಗರಿಕೆ ಒಂದಿದೆ, ಸೈನೋಡಾನ್ ಟ್ರಾನ್ಸ್‌ವಾಲೆನ್ಸಿಸ್, ಅದು 18. ಎರಡೂ ಸೇರಿ 27, ಬಂಜೆ. ಗಾಲ್ಫ್ ಮೈದಾನದ ಹೆಸರಾಂತ ತಳಿಗಳು ಬಹುಪಾಲು ಈ 27ರವೇ. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ತಂಡ ಮಾಡಿದ್ದು. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ, 1965ರಲ್ಲಿ ಟಿಫ್‌ಡ್ವಾರ್ಫ್. ಟಿಫ್‌ವೇ ಇವತ್ತಿಗೂ ಪ್ರಪಂಚದ ಎಷ್ಟೋ ಮೈದಾನಗಳಲ್ಲಿ ಇದೆ.

ನಮಗೆ ಬಂಜೆಯಾಗಿರುವುದೇ ಬೇಕು. ಬೀಜ ಬಿದ್ದು ಬೇರೆ ಥರದ ಸಸಿ ಎದ್ದರೆ ಹಾಸಿನಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಚೆಂಡು ಉರುಳುವ ವೇಗವೂ ಬದಲಾಗುತ್ತದೆ.

ತೆನೆಗೊನೆ
ಆ ಬರ್ಟನ್ ಅವರೇ ಸಜ್ಜೆಗೂ ಬೇಕಾದವರು. ನಾನು ಮೇಲೆ ಹೇಳಿದಂಥ ಗಂಡುಬಂಜೆ ಸಜ್ಜೆ ತಳಿ ಟಿಫ್ಟ್ 23ಎ ಅಲ್ಲಿಯದೇ, ಹೆಸರಲ್ಲೇ ಊರಿದೆ. ಅದನ್ನು ತಾಯಿ ಮಾಡಿ ಲೂಧಿಯಾನದಲ್ಲಿ ಮಾಡಿದ ಎಚ್‌ಬಿ-1, ಭಾರತದ ಮೊದಲ ಕಾಳಿನ ಹೈಬ್ರಿಡ್ ಸಜ್ಜೆ, 1965ರಲ್ಲಿ ಬಂತು. ಆಮೇಲೆ ಬಹುಪಾಲು ಹೈಬ್ರಿಡ್‌ಗಳಿಗೆ ಟಿಫ್ಟ್ 23ಎ ಒಂದೇ ತಾಯಿ ಆಗಿ, 1970ರ ದಶಕದಲ್ಲಿ ಬೂಜು ರೋಗ ಬಂದಾಗ ಅವು ಒಟ್ಟಿಗೆ ಮಲಗಿದವು.

ಸಂಶಯಪ್ಪ
ಈಗ ಬಂದಿರಿ ನನ್ನ ದಾರಿಗೆ. ಲಾನ್‌ರಾಜ ಅವರ ಮೈದಾನಗಳಲ್ಲೂ ಅದೇ ಅಪಾಯ ಅಲ್ವಾ? ಎಲ್ಲವೂ ಒಂದೇ ಗಿಡದ ತುಂಡು. ಒಂದು ರೋಗ ಬಂದರೆ ಎಲ್ಲ ಖತಂ. ನೇಪಿಯರ್ ಹೈಬ್ರಿಡ್‌ಗೂ ಅದೇ. ಇದನ್ನು ಯಾಕೆ ಯಾರೂ ಎತ್ತುವುದಿಲ್ಲ?

ಲಾನ್‌ರಾಜ
ಅಪಾಯ ಇದೆ, ಇಲ್ಲ ಅನ್ನಲ್ಲ. ಇನ್ನೊಂದು ತಮಾಷೆ ಕೇಳಿ. ತುಂಡಿನಿಂದ ಬೆಳೆಸಿದರೆ ಯಾವಾಗಲೂ ಒಂದೇ ಥರ ಇರುತ್ತದೆ ಅಂದುಕೊಳ್ಳುತ್ತೀರಿ, ಹಾಗೂ ಇಲ್ಲ. ಟಿಫ್‌ಗ್ರೀನ್ ಹಾಕಿದ ಹಾಸಿನಲ್ಲಿ ಅಲ್ಲಲ್ಲಿ ಗಿಡ್ಡ ತೇಪೆಗಳು ಕಂಡವು. ಅದರಲ್ಲಿ ತಾನಾಗೇ ಆದ ಬದಲಾವಣೆಯಿಂದಲೇ ಟಿಫ್‌ಡ್ವಾರ್ಫ್ ಬಂದದ್ದು ಅಂತ ತಿಳಿದಿದ್ದಾರೆ. ವರ್ಷಗಟ್ಟಲೆ ದಿನಾ ಕತ್ತರಿಸುವ ಹಾಸಿನಲ್ಲಿ ಇಂಥ ತೇಪೆ ನಾನೂ ನೋಡಿದ್ದೇನೆ. ಮಂಡಿಯೂರಿ ಬೆರಳಲ್ಲಿ ಬಿಡಿಸಿದರೆ ಗೆಣ್ಣುಗಳ ನಡುವಿನ ಅಂತರ ಸುತ್ತಲಿನ ಹುಲ್ಲಿಗಿಂತ ಅರ್ಧ ಇರುತ್ತದೆ, ಬಣ್ಣ ಒಂದು ಛಾಯೆ ಗಾಢ. ಗಾಲ್ಫಿನವರು ಬೈಯುತ್ತಾರೆ, ತಳಿಗಾರರು ಚೀಲ ಹಿಡಿದು ಓಡಿಬರುತ್ತಾರೆ.

ಕಾವ್ಯಕೋಶ
ತಡವಾಗಿ ಬಂದೆ. ನಾನು ಸಸ್ಯಶಾಸ್ತ್ರ ಓದಿದವಳು. ಬೀಜವೂ ಬೇಕು, ಗುಣವೂ ಹಾಗೇ ಉಳಿಯಬೇಕು ಅನ್ನುವವರಿಗೆ ಹುಲ್ಲಿನಲ್ಲೇ ಮೂರನೇ ದಾರಿ ಇದೆಯಲ್ಲ! ಅಪೊಮಿಕ್ಸಿಸ್. ತಂದೆಯ ಪಾಲೇ ಇಲ್ಲದೆ ತಾಯಿಯ ನಕಲು ಬೀಜದಲ್ಲೇ ಬರುವುದು. ಗಿನಿ ಹುಲ್ಲು, ಬ್ರಾಕಿಯೇರಿಯಾ, ಕೆಂಟಕಿ ಬ್ಲೂಗ್ರಾಸ್ ಬಹುಪಾಲು ಹೀಗೆ. ಕೆಂಟಕಿ ಬ್ಲೂಗ್ರಾಸ್‌ನಲ್ಲಿ ಕ್ರೋಮೋಸೋಮ್ ಸಂಖ್ಯೆ ಗಿಡದಿಂದ ಗಿಡಕ್ಕೆ ಬೇರೆ, 28ರಿಂದ 140ರ ಆಚೆಗೂ ಸಿಗುತ್ತದೆ. ಬೇರುತುದಿ ಸರ್ ಹೇಳಿದ ಜೋಡಿಯ ತಾಪತ್ರಯವನ್ನೇ ದಾಟಿಬಿಟ್ಟಿದೆ. ಎಷ್ಟಿದ್ದರೂ ಬೀಜ ಬಿಡುತ್ತದೆ.

ತೆನೆಗೊನೆ
ಮೇಡಂ, ದಾರಿ ಇದೆ, ಆದರೆ ಬಾಗಿಲು ಒಳಗಿಂದ ಚಿಲಕ ಹಾಕಿದೆ. ಅಪ್ಪನ ಪಾಲು ಇಲ್ಲ ಅಂದ ಮೇಲೆ ಅದಕ್ಕೆ ಕ್ರಾಸ್ ಮಾಡುವುದು ಹೇಗೆ? ಎಷ್ಟು ಪರಾಗ ಸುರಿದರೂ ತಾಯಿಯ ನಕಲೇ.

ಕಾವ್ಯಕೋಶ
ಅದಕ್ಕೆ ಉಪಾಯ ಕಂಡುಕೊಂಡರಲ್ಲ ಸರ್. ಬ್ರಾಕಿಯೇರಿಯಾದಲ್ಲಿ ರುಜಿಜಿಯೆನ್ಸಿಸ್ ಅನ್ನುವ ಜಾತಿ ಸಾಮಾನ್ಯ ರೀತಿಯಲ್ಲೇ ಬೀಜ ಮಾಡುತ್ತದೆ, 18 ಕ್ರೋಮೋಸೋಮ್. ಅಪೊಮಿಕ್ಸಿಸ್ ಇರುವ ಬ್ರೈಜಾಂತ, ಡಿಕಂಬೆನ್ಸ್ ಸಾಮಾನ್ಯವಾಗಿ 36. ನೇರವಾಗಿ ಕೂಡುವುದಿಲ್ಲ. ಕಾಲ್ಚಿಸಿನ್‌ನಿಂದ 18ನ್ನು 36 ಮಾಡಿ ಅದನ್ನು ತಾಯಿ ಮಾಡಿದರು, ಅಪೊಮಿಕ್ಸಿಸ್ ಗಿಡದ ಪರಾಗ ಹಾಕಿದರು. ಪರಾಗ ಅಲ್ಲಿ ಮಾಮೂಲಾಗೇ ತಯಾರಾಗುತ್ತದೆ. ಮಕ್ಕಳಲ್ಲಿ ಸುಮಾರು ಅರ್ಧಕ್ಕೆ ಅಪೊಮಿಕ್ಸಿಸ್ ಗುಣ ಬರುತ್ತದೆ. ಆ ಅರ್ಧದಲ್ಲಿ ಚೆನ್ನಾಗಿರುವುದನ್ನು ಆರಿಸಿದರೆ ಹೈಬ್ರಿಡ್ ಕಸುವು ಬೀಜದಲ್ಲೇ ಪರ್ಮನೆಂಟ್. ಕೊಲಂಬಿಯಾದ ಸಿಯಾಟ್ ಸಂಸ್ಥೆಯ ಮುಲಾಟೊ ತಳಿ ಹೀಗೆ ಬಂದದ್ದು. ಗಿನಿ ಹುಲ್ಲಿನಲ್ಲೂ ಇದೇ ದಾರಿ. ಫ್ರೆಂಚ್ ಸಂಶೋಧಕರು ಪೂರ್ವ ಆಫ್ರಿಕಾದಲ್ಲಿ ಮಾಮೂಲಿ ಬೀಜ ಮಾಡುವ ಗಿಡಗಳನ್ನು ಹುಡುಕಿ ತಂದು ಡಬಲ್ ಮಾಡಿದರು.

ಎರಡರಷ್ಟು ಅವರೇ, ನೋಡಿ, ಕಾಲ್ಚಿಸಿನ್ ಉಪಯೋಗಕ್ಕೆ ಬಂದಿದ್ದು ಇಲ್ಲಿ. ಇಳುವರಿ ಡಬಲ್ ಮಾಡಕ್ಕಲ್ಲ, ಎರಡು ಕಡೆಯ ಸಂಖ್ಯೆ ಸಮ ಮಾಡಕ್ಕೆ.

ಎರಡರಷ್ಟು
ಒಪ್ಪಿದೆ. ಆದರೆ ನನ್ನ ಹೆಸರು ಬದಲಾಯಿಸಲ್ಲ.

ತೆನೆಗೊನೆ
ಮುಲಾಟೊ ಒಳ್ಳೆಯ ಉದಾಹರಣೆ, ಆದರೆ ಪೂರ್ತಿ ಹೇಳಿ. ಅದರ ತೆನೆಯಲ್ಲಿ ಗಟ್ಟಿ ಕಾಳಿನ ಪ್ರಮಾಣ ಕಡಿಮೆ, ಬೀಜ ಉತ್ಪಾದನೆ ತಲೆನೋವಾಗಿತ್ತು. ಭ್ರೂಣ ತಂದೆಯಿಲ್ಲದೆ ಆದರೂ ಕಾಳಿನ ಹಿಟ್ಟಿನ ಭಾಗಕ್ಕೆ ಪರಾಗ ಬೇಕು, ಪರಾಗ ಕೆಟ್ಟರೆ ಅಲ್ಲೂ ಜೊಳ್ಳೇ. ಮುಂದೆ ಮುಲಾಟೊ-2 ಬರಬೇಕಾಯಿತು.

ಕಾವ್ಯಕೋಶ
ಅದೂ ನಿಜ. ಅಪೊಮಿಕ್ಸಿಸ್ ಅಂದರೆ ಪರಾಗದ ಹಂಗೇ ಇಲ್ಲ ಅಂತ ಸುಮಾರು ಜನ ಬರೆದುಬಿಡುತ್ತಾರೆ.

ಸಂಶಯಪ್ಪ
ಬಂಜೆ ಹೈಬ್ರಿಡ್ ತಾನಾಗೇ ಡಬಲ್ ಆಗಿಬಿಟ್ಟರೆ? ಪ್ರಕೃತಿಗೆ ಕಾಲ್ಚಿಸಿನ್ ಬೇಕಿಲ್ಲವಲ್ಲ. ಎಲ್ಲೋ ಮೂಲೆಯಲ್ಲಿ 42 ಆಗಿ ಬೀಜ ಉದುರಿಸಿ ಕಳೆಯಾಗಿ ಹಬ್ಬಿದರೆ ಯಾರು ಹೊಣೆ?

ಬೇರುತುದಿ
ಒಳ್ಳೆ ಪ್ರಶ್ನೆ, ಈ ಸಲ ನಿಜವಾಗಲೂ. ಅಂಥದ್ದು ಆಗಿದೆ, ಬೇರೆ ಹುಲ್ಲಿನಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರದ ಕಡಲ ಕೆಸರಿನಲ್ಲಿ ಸ್ಪಾರ್ಟಿನಾ ಅನ್ನುವ ಹುಲ್ಲಿತ್ತು, 60 ಕ್ರೋಮೋಸೋಮ್. ಅಮೆರಿಕದ ಜಾತಿಯೊಂದು ಹಡಗುಗಳ ಜೊತೆ ಬಂದು ಸೇರಿತು, ಅದು 62. ಎರಡೂ ಕೂಡಿ ಒಂದು ಬಂಜೆ ಹೈಬ್ರಿಡ್ ಆಯಿತು, 1870ರ ಹೊತ್ತಿಗೆ ಗಮನಕ್ಕೆ ಬಂತು. 1890ರ ಆಸುಪಾಸಿನಲ್ಲಿ ಅದು ತಾನಾಗೇ ಡಬಲ್ ಆಗಿ 120ರ ಮೇಲಕ್ಕೆ ಹೋಯಿತು, ಬೀಜ ಬಿಡತೊಡಗಿತು. ಸ್ಪಾರ್ಟಿನಾ ಆಂಗ್ಲಿಕಾ ಅನ್ನುವ ಹೊಸ ಜಾತಿಯೇ ಹುಟ್ಟಿತು. ಕೆಸರು ಹಿಡಿದಿಡುತ್ತದೆ ಅಂತ ಜನರೇ ಅದನ್ನು ಚೀನಾ, ನ್ಯೂಜಿಲೆಂಡ್ ತನಕ ಒಯ್ದು ನೆಟ್ಟರು. ಆಮೇಲೆ ಹಲವು ಕಡೆ ಕೀಳುವ ಕೆಲಸ.

ಆದರೆ ಮೇವಿನ ಹುಲ್ಲನ್ನು ತೆನೆ ಬರುವ ಮೊದಲೇ ಕೊಯ್ಯುತ್ತೇವೆ. 21 ತಾನಾಗೇ 42 ಆದರೂ ಆ ತೆಂಡೆ ಬಹುಪಾಲು ಹೂ ಬಿಡುವ ಮೊದಲೇ ಕೊಟ್ಟಿಗೆ ಸೇರುತ್ತದೆ.

ಜೊಳ್ಳುಕಾಳು
ಈ ಥ್ರೆಡ್ ಓದಿದ ಮೇಲೆ ಹುಲ್ಲಿನ ಮೇಲೆ ಕಾಲಿಡಲು ಭಯ.

ಕಾವ್ಯಕೋಶ
ಹಾಗಾದರೆ ಇದನ್ನೂ ಓದಿ. ಮೆಂಡಲ್ ಬಟಾಣಿ ನೆನಪಿದೆಯಾ? ಹಳದಿ ಕಾಳು, ಹಸಿರು ಕಾಳು. ಆ ಹಸಿರಿಗೆ ಕಾರಣವಾದ ಜೀನ್ ಯಾವುದು ಅಂತ ಗೊತ್ತಾಗಿದ್ದು ಒಂದು ಮೇವಿನ ಹುಲ್ಲಿನ ದಾರಿಯಿಂದ! ಮೆಡೋ ಫೆಸ್ಕ್ಯೂ ಹುಲ್ಲಿನಲ್ಲಿ ಒಣಗಿದರೂ ಹಸಿರಾಗೇ ಉಳಿಯುವ ಒಂದು ಗಿಡ ಸಿಕ್ಕಿತ್ತು. ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅದನ್ನು ರೈಗ್ರಾಸ್ ಜೊತೆ ಕೂಡಿಸಿ, ಆ ಗುಣ ಇರುವ ಫೆಸ್ಕ್ಯೂ ತುಣುಕು ರೈಗ್ರಾಸ್ ಕ್ರೋಮೋಸೋಮಿನಲ್ಲಿ ಎಲ್ಲಿ ಕೂತಿದೆ ಅಂತ ಹುಡುಕಿದರು. ಇವೆರಡೂ 14ರವು, ಹತ್ತಿರದ ನೆಂಟರು, ಕ್ರೋಮೋಸೋಮ್ ಪರಸ್ಪರ ಜೋಡಿಯಾಗಿ ತುಣುಕು ಅದಲುಬದಲು ಮಾಡಿಕೊಳ್ಳುತ್ತವೆ. ಆದರೂ ಹೊಳೆಯುವ ಬಣ್ಣ ಹಚ್ಚಿದರೆ ಯಾವ ತುಣುಕು ಯಾರದ್ದು ಅಂತ ಸೂಕ್ಷ್ಮದರ್ಶಕದಲ್ಲಿ ಬೇರೆಬೇರೆ ಕಾಣುತ್ತದೆ. ಅಷ್ಟು ಹತ್ತಿರ, ಅಷ್ಟು ಬೇರೆ. ಅಂಥ ಅನುಕೂಲ ಬೇರೆ ಗಿಡಗಳಲ್ಲಿ ಅಪರೂಪ. 2007ರಲ್ಲಿ ಅದೇ ಜೀನ್ ಬಟಾಣಿಯದ್ದೂ ಅಂತ ಪ್ರಕಟವಾಯಿತು.

ಲಾನ್‌ರಾಜ
ಅದಕ್ಕೇ ಏನೋ ಆ ಹುಲ್ಲನ್ನು ಹಾಸಿಗೂ ತರಲು ನೋಡಿದ್ದು. ಒಣಗಿದರೂ ಹಸಿರು ಅಂದರೆ ನನ್ನ ಕೆಲಸ ಅರ್ಧ ಕಡಿಮೆ.

ಹಸಿರುಗೆಣ್ಣು
ಎಲ್ಲರಿಗೂ ಧನ್ಯವಾದ, ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ. ಪ್ಯಾಕೆಟ್ ಬೀಜ ಬಿತ್ತಿದೆ. ಮೊಳಕೆ ಬಂದಿದೆ. ಇದು ಹೈಬ್ರಿಡ್ಡಾ, ಬರೀ ಸಜ್ಜೆಯಾ, ಬರೀ ನೇಪಿಯರ್ರಾ ಅಂತ ಹೇಗೆ ಪತ್ತೆ ಮಾಡುವುದು? ಲ್ಯಾಬ್ ಇಲ್ಲದೆ?

ತೆನೆಗೊನೆ
ಲ್ಯಾಬ್ ಬೇಡ ಅಂದರೆ ತಾಳ್ಮೆ ಬೇಕು. ಸಜ್ಜೆಯಾದರೆ ಬೇಗ ತೆನೆ ಹಾಕಿ, ಕಾಳು ಕಟ್ಟಿ, ಒಣಗಿಹೋಗುತ್ತದೆ. ಹೈಬ್ರಿಡ್ ಕೊಯ್ದಷ್ಟೂ ಬುಡದಿಂದ ಚಿಗುರುತ್ತದೆ, ತೆನೆಯಲ್ಲಿ ಜೊಳ್ಳು. ಇನ್ನು ಹೆಸರಲ್ಲಿ ಸೂಪರ್, ಜಂಬೋ ಅಂತ ಇದ್ದ ಮಾತ್ರಕ್ಕೆ ಕ್ರೋಮೋಸೋಮ್ ಜಾಸ್ತಿ ಆಗಿರುವುದಿಲ್ಲ.

ಬೇರುತುದಿ
ಶಾಲೆ ಮಟ್ಟದ ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಅಂದಾಜು ಸಿಗುತ್ತದೆ. ಎಲೆಯ ಕೆಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಪಾರದರ್ಶಕ ಟೇಪಿನಿಂದ ಎತ್ತಿ ಗಾಜಿಗೆ ಅಂಟಿಸಿ. ಪತ್ರರಂಧ್ರಗಳ ಅಚ್ಚು ಕಾಣುತ್ತದೆ. ಸೆಟ್ ಜಾಸ್ತಿಯಾದ ಹಾಗೆ ರಂಧ್ರ ಉದ್ದವಾಗುತ್ತದೆ, ಅಷ್ಟೇ ಜಾಗದಲ್ಲಿ ಸಂಖ್ಯೆ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಗೊತ್ತಿರುವ ಸಜ್ಜೆಯ ಅಚ್ಚು ಇಟ್ಟುಕೊಂಡು ಹೋಲಿಸಿ. ಇದು ಸಾಕ್ಷಿಯಲ್ಲ, ಸುಳಿವು ಮಾತ್ರ.

ಗಟ್ಟಿ ಉತ್ತರ ಬೇಕಾದರೆ ಬೇರಿನ ತುದಿ. ಹೊಸದಾಗಿ ಬಂದ ಬಿಳಿ ಬೇರಿನ ತುದಿ ಕತ್ತರಿಸಿ ಐಸ್ ನೀರಿನಲ್ಲಿ ರಾತ್ರಿಯಿಡೀ ಇಡುತ್ತೇವೆ. ತಣ್ಣಗಾದರೆ ವಿಭಜನೆ ಮಧ್ಯದಲ್ಲೇ ನಿಂತು ಕ್ರೋಮೋಸೋಮ್ ಗಿಡ್ಡವಾಗುತ್ತವೆ. ಆಮೇಲೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಹಾಕಿ ಇದ್ದ ಹಾಗೇ ನಿಲ್ಲಿಸುವುದು. ಬಿಸಿ ಆಮ್ಲದಲ್ಲಿ ಮೆತ್ತಗೆ ಮಾಡಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು, ಕವರ್ ಗಾಜು ಮುಚ್ಚಿ, ಬ್ಲಾಟಿಂಗ್ ಕಾಗದದ ಮೇಲಿಂದ ಹೆಬ್ಬೆರಳಲ್ಲಿ ಒತ್ತುವುದು. ಒತ್ತುವಾಗ ಗಾಜು ಅಡ್ಡ ಸರಿದರೆ ಎಲ್ಲ ಉರುಳಿ ಹಾಳು. ಚೆನ್ನಾಗಿ ಹರಡಿದ ಒಂದು ಕೋಶ ಸಿಕ್ಕರೆ ನೋಡುವುದೇ ಖುಷಿ. ಸಜ್ಜೆಯ ಏಳು ದಪ್ಪಗೆ ಕಾಣುತ್ತವೆ, ನೇಪಿಯರ್‌ನ ಹದಿನಾಲ್ಕು ಸಣ್ಣವು. ಹೈಬ್ರಿಡ್ ಅಂತ ಎಣಿಸುವ ಮೊದಲೇ ಗೊತ್ತಾಗುತ್ತದೆ.

ಜೊಳ್ಳುಕಾಳು
ಈಗ ಎಲೆ ಚೂರು ಹಾಕಿದರೆ ಮೆಷಿನ್ನೇ ಹೇಳುತ್ತದಂತೆ?

ಬೇರುತುದಿ
ಫ್ಲೋ ಸೈಟೋಮೀಟರ್. ಬ್ಲೇಡಿನಿಂದ ಎಲೆ ಕೊಚ್ಚಿ ಬಣ್ಣದ ದ್ರಾವಣದಲ್ಲಿ ಸೋಸಿ ಹಾಕಿದರೆ ನಿಮಿಷಗಳಲ್ಲಿ ಉತ್ತರ. ಆದರೆ ಅದು ಕ್ರೋಮೋಸೋಮ್ ಎಣಿಸುವುದಿಲ್ಲ, ಡಿಎನ್‌ಎ ಪ್ರಮಾಣ ಅಳೆಯುತ್ತದೆ. ಸಜ್ಜೆಯ ಕ್ರೋಮೋಸೋಮ್ ದಪ್ಪ, ನೇಪಿಯರ್‌ನದ್ದು ಸಣ್ಣ ಅಂದೆನಲ್ಲ. ಹಾಗಾಗಿ ಸಂಖ್ಯೆಯ ಅಂತರ ದೊಡ್ಡದಿದ್ದರೂ ಡಿಎನ್‌ಎ ಅಂತರ ಅಷ್ಟಿರುವುದಿಲ್ಲ. ಪಕ್ಕದಲ್ಲಿ ಗೊತ್ತಿರುವ ಗಿಡ ಇಟ್ಟುಕೊಳ್ಳದೆ ಓದಿದರೆ ಮೋಸ ಹೋಗುತ್ತೀರಿ.

ಹಸಿರುಗೆಣ್ಣು
ಸರ್, ಬೇರು ಕಳಿಸಿದರೆ ನೋಡಿ ಹೇಳುತ್ತೀರಾ?

ಬೇರುತುದಿ
ನೋಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಬೇಡಿ, ದಾರಿಯಲ್ಲೇ ಸಾಯುತ್ತದೆ, ಸತ್ತ ಬೇರಿನಲ್ಲಿ ಏನೂ ಕಾಣುವುದಿಲ್ಲ. ಕೆಲವು ಸಸಿಗಳನ್ನು ಕುಂಡ ಸಮೇತ ಕಳಿಸಿ, ಹೊಸ ಬೇರು ಬಂದ ಮೇಲೆ ನಾನೇ ಕತ್ತರಿಸಿಕೊಳ್ಳುತ್ತೇನೆ. ಜೊತೆಗೆ ನಿಮ್ಮ ಹಳೆಯ ಹೈಬ್ರಿಡ್‌ನ ಎರಡು ಗೆಣ್ಣಿನ ತುಂಡೂ ಇರಲಿ. ಪ್ಯಾಕೆಟ್ ಎಸೆಯಬೇಡಿ, ಲಾಟ್ ನಂಬರ್ ಇರುವ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ.

ಎಮ್ಮೆಕೊಟ್ಟಿಗೆ
ಅಲ್ಲಿಯ ತನಕ ಎಮ್ಮೆ ಏನು ತಿನ್ನಬೇಕು? ತುಂಡು ನೆಡಿ ಅಣ್ಣಾ. ಒಂದು ಗೆಣ್ಣು ಮಣ್ಣೊಳಗೆ, ಒಂದು ಮೇಲೆ, ಕಣ್ಣು ಮೇಲ್ಮುಖವಾಗಿ ಓರೆಯಾಗಿ ಊರಿ.